ಹಗೇವಿಗೆ ದೀಪ ಇಳಿಸುತ್ತಿದ್ದವರು

ಪೊಲೀಸರ ಕಾಗದದಲ್ಲಿ ಒಂದು ಸಾಲು ಹೀಗಿದೆ: “ಮೃತರು ಸದರಿ ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡಿರುವುದಿಲ್ಲ.” ಅದರ ಕೆಳಗೆ ಸಾಕ್ಷಿಯ ಜಾಗದಲ್ಲಿ ನನ್ನ ಸಹಿ ಇದೆ. ಅಕ್ಷರ ಸೊಟ್ಟಗಿದೆ, ಆದರೂ ಅದು ನನ್ನದೇ. ಸಾಲು ಮಾತ್ರ ಸುಳ್ಳು. ಅವರು ದೀಪ ಇಳಿಸಿದ್ದರು. ಅದು ಆರಿದ್ದನ್ನು ಹತ್ತಿರದಿಂದ ಕಂಡವಳು ನಾನೊಬ್ಬಳೇ.

ಈಗ ಅಜ್ಜಂಪುರದ ಬಸ್ ಸ್ಟ್ಯಾಂಡಿನಲ್ಲಾಗಲಿ, ಕಡೂರಿನ ನಮ್ಮ ಹಳೆಯ ಕಾಲೇಜಿನ ಸ್ಟಾಫ್ ರೂಮಿನಲ್ಲಾಗಲಿ ಅವರ ಮಾತು ಬಂದರೆ ಜನ ಒಂದೇ ಧಾಟಿಯಲ್ಲಿ ಮಾತಾಡುತ್ತಾರೆ.

“ಅಷ್ಟು ವರ್ಷ ಕೆಮಿಸ್ಟ್ರಿ ಪಾಠ ಮಾಡಿದೋರು ಕಣ್ರೀ, ಅವ್ರಿಗೇ ಗೊತ್ತಾಗ್ಲಿಲ್ವಾ?”

“ಕುಡಿಯೋ ಆತುರ, ಇನ್ನೇನು.”

ಕುಡಿಯುವ ಆತುರವಂತೆ. ಅವರು ವರ್ಷಕ್ಕೆಲ್ಲ ಸೇರಿ ಕುಡಿಯುತ್ತಿದ್ದುದು ಒಂದು ಲೋಟ ದಾಟುತ್ತಿರಲಿಲ್ಲ. ಅವರು ಎಂಥವರಾಗಿದ್ದರು ಎಂದು ಬರೆದಿಡಬೇಕು ಅನಿಸಿದ್ದು ಇಂಥ ಮಾತು ಕೇಳಿ, ಕೇಳಿಯೂ ಬಾಯಿ ತೆರೆಯದೆ ಕೂತು, ಮನೆಗೆ ಬಂದ ಮೇಲೆ.

ಆಳು ಕುಳ್ಳು, ಕುತ್ತಿಗೆ ದಪ್ಪ. ಎದುರಿನಿಂದ ಬರುವಾಗ ಯಾರನ್ನೋ ಬೈಯಲು ಹೊರಟವರಂತೆ ಕಾಣುತ್ತಿದ್ದರು. ಅರ್ಧ ತೋಳಿನ ಬಿಳಿ ಅಂಗಿ. ಅದರ ಜೇಬಿನಲ್ಲಿ ಕೆಂಪು, ನೀಲಿ ಎರಡು ಪೆನ್ನು ಮತ್ತು ಒಂದು ಬೆಂಕಿಪೊಟ್ಟಣ. ಬೀಡಿ ಸಿಗರೇಟು ಮುಟ್ಟದವರ ಜೇಬಿನಲ್ಲಿ ಬೆಂಕಿಪೊಟ್ಟಣ ಯಾಕೆಂದು ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದೆ. “ಲ್ಯಾಬಲ್ಲಿ ಬರ್ನರ್ ಹಚ್ಚಕ್ಕೆ, ಮನೇಲಿ ಹಗೇವಿಗೆ” ಎಂದಿದ್ದರು. ಕಡೂರಿನಲ್ಲೇ ಹುಟ್ಟಿ ಬೆಳೆದ ನನಗೆ ಹಗೇವು ಎಂದರೆ ಏನೆಂದು ಆಗ ಸರಿಯಾಗಿ ಗೊತ್ತಿರಲಿಲ್ಲ.

ಸಹೋದ್ಯೋಗಿಗಳನ್ನು ಅವರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಅವರವರ ಪಾಠ ಹಿಡಿದು ಕರೆಯುತ್ತಿದ್ದರು. “ಏನ್ರೀ ಫಿಸಿಕ್ಸು, ಇವತ್ತೂ ಲೇಟಾ?” “ಬಾರಯ್ಯ ಹಿಸ್ಟ್ರಿ, ಟೀ ಕುಡಿಯೋಣ.” ನಾನು ಸಸ್ಯಶಾಸ್ತ್ರ, ಹಾಗಾಗಿ ಹನ್ನೆರಡು ವರ್ಷವೂ ಅವರ ಬಾಯಲ್ಲಿ ‘ಬಾಟನಿ’. ನಿವೃತ್ತರಾದ ಮೇಲೆ ಫೋನು ಮಾಡಿದರೂ ಅಷ್ಟೇ. “ಬಾಟನೀ, ನಮ್ಮ ನುಗ್ಗೆ ಮರಕ್ಕೆ ಎಂಥದೋ ಹುಳ ಬಿದ್ದದೆ, ಬಂದು ನೋಡಮ್ಮ.” ಹುಳ ನೋಡುವುದು ನೆಪ. ಹೋದರೆ ಹುಳದ ವಿಚಾರ ಎರಡು ನಿಮಿಷ, ಉಳಿದ ಹೊತ್ತೆಲ್ಲ ಜಗಲಿಯ ಮೇಲೆ ಕೂತು ಹರಟೆ. ಅವರ ಹೆಂಡತಿ, ನಾನು ಅಕ್ಕ ಎನ್ನುವವರು, ಅವರೆಕಾಳು ಹುರಿದು ತಂದಿಡುತ್ತಿದ್ದರು. ಹೊರಡುವಾಗ ಕುಂಕುಮ ಕೊಟ್ಟು “ಹೋಗ್ಬಾ” ಎನ್ನದೆ ಒಮ್ಮೆಯೂ ಕಳಿಸಿದವರಲ್ಲ.

ವಿದ್ಯಾರ್ಥಿಗಳಿಗೆ ಅವರ ಭಯ ಇದ್ದುದು ಒಂದೇ ವಿಷಯಕ್ಕೆ. ಲ್ಯಾಬ್ ರೆಕಾರ್ಡಿನಲ್ಲಿ ಬರೆದದ್ದನ್ನು ಅಳಿಸುವಂತಿರಲಿಲ್ಲ. ಅಳತೆ ತಪ್ಪಾಗಿ ಬಂದಿದ್ದರೆ ಅದರ ಮೇಲೆ ಒಂದೇ ಒಂದು ಗೀಟು ಎಳೆಯಬೇಕು, ಕೆಳಗಿನ ತಪ್ಪು ಓದಲು ಬರುವಂತಿರಬೇಕು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಬ್ಲೇಡಿನಿಂದ ಕೆರೆದು ತಿದ್ದಿದ ಹುಡುಗಿಯೊಬ್ಬಳ ರೆಕಾರ್ಡನ್ನು ಅವರು ಬೆಳಕಿಗೆ ಹಿಡಿದು ತೂತು ತೋರಿಸಿ, “ಇಲ್ಲಿ ಏನಿತ್ತಮ್ಮ? ಇಲಿ ತಿಂತಾ?” ಎಂದು ಇಡೀ ತರಗತಿಯ ಮುಂದೆ ಕೇಳಿದರು. ಅವಳು ಅತ್ತಳು. ಅವರು ಕರಗಲಿಲ್ಲ. “ತಪ್ಪು ಅಳತೆಗೆ ನಾನು ಮಾರ್ಕ್ಸ್ ಕೊಡ್ತೀನಿ. ತಪ್ಪನ್ನ ಬಚ್ಚಿಟ್ಟಿದ್ದಕ್ಕೆ ಕೊಡಲ್ಲ. ಮುಂದೆ ಔಷಧಿ ಕಂಪನೀಲೋ ಆಸ್ಪತ್ರೇಲೋ ಕೂತ್ಕೊಂಡು ಹಿಂಗೇ ಕೆರೀತೀಯಲ್ಲ, ಆಗ ಯಾರಿಗೋ ಪ್ರಾಣ ಹೋಗುತ್ತೆ.” ಅಂದು ಸಂಜೆ ಸ್ಟಾಫ್ ರೂಮಿನಲ್ಲಿ ನಾನು ಅವರ ಜೊತೆ ಜಗಳವಾಡಿದ್ದೆ. ಮಗುವನ್ನು ಹಾಗೆ ನಿಲ್ಲಿಸಿ ಅವಮಾನ ಮಾಡಬಾರದಿತ್ತು ಸರ್ ಎಂದಿದ್ದೆ. ಅವರು “ಹೌದು, ಅದು ತಪ್ಪು. ಗೀಟು ಹಾಕ್ಕೋತೀನಿ” ಎಂದರು. ಮಾರನೆಯ ದಿನ ಅದೇ ತರಗತಿಯಲ್ಲಿ ಅವಳ ಕ್ಷಮೆ ಕೇಳಿದರಂತೆ. ಆದರೆ ಮಾರ್ಕ್ಸು ಕೊಡಲಿಲ್ಲ.

ಅವರ ಊರು ಅಜ್ಜಂಪುರದಿಂದ ನಾಲ್ಕೈದು ಮೈಲಿ. ಮೊದಲು ತರೀಕೆರೆಯಲ್ಲಿ, ಆಮೇಲೆ ಕಡೂರಿನಲ್ಲಿ ಕೆಲಸ ಮಾಡಿದರೂ ಊರಿನ ಮನೆ ಬಿಟ್ಟವರಲ್ಲ. ದಿನವೂ ಬಸ್ಸಿನಲ್ಲೇ ಓಡಾಟ. ಮನೆಯ ಹಿಂದೆ ಕಣ, ಕಣದ ಮೂಲೆಯಲ್ಲಿ ಹಗೇವು. ರಾಗಿ ತುಂಬಿಡಲೆಂದು ಹಿಂದಿನವರು ನೆಲದೊಳಗೆ ತೋಡಿದ ಕಣಜ ಅದು. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಮಾತ್ರ ಬಾಯಿ, ಆಮೇಲೆ ಮೊಳದುದ್ದದ ಕೊರಳು, ಕೆಳಗೆ ಹೋದಂತೆ ಗುಡಾಣದ ಹಾಗೆ ಅಗಲ. ಎರಡಾಳು ಆಳ. ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗೆ ಏನಿದೆಯೆಂದು ದಾರಿಹೋಕರಿಗೆ ತಿಳಿಯುವುದಿಲ್ಲ. ಅವರ ತಂದೆಯ ಕಾಲಕ್ಕೆ ಅದರಲ್ಲಿ ರಾಗಿ ಇತ್ತು. ಆಮೇಲೆ ಮನೆಗೆ ಬೇಕಾದಷ್ಟನ್ನು ಚೀಲದಲ್ಲೇ ಇಡುವುದು ರೂಢಿಯಾಗಿ ಹಗೇವು ಬರಿದಾಯಿತು.

ಅದರೊಳಗೆ ವೈನ್ ಬಂದದ್ದು ಒಂದು ದ್ರಾಕ್ಷಿ ಬಳ್ಳಿಯಿಂದ. ಕೆಮ್ಮಣ್ಣುಗುಂಡಿಯ ತೋಟದಲ್ಲಿ ಕೆಲಸಕ್ಕಿದ್ದ ಗೆಳೆಯರೊಬ್ಬರು ಎಲ್ಲಿಂದಲೋ ತಂದು ಕೊಟ್ಟ ಬಳ್ಳಿಯನ್ನು ಬಾವಿಯ ಪಕ್ಕ ನೆಟ್ಟರೆ ಅದು ಚಪ್ಪರ ತುಂಬ ಹಬ್ಬಿ ಬಿಳಿ ದ್ರಾಕ್ಷಿ ಬಿಟ್ಟಿತು. ಬಾಯಿಗಿಡಲಾರದಷ್ಟು ಹುಳಿ. ಹಕ್ಕಿಗಳೂ ಒಂದು ಕಚ್ಚಿ ಬಿಟ್ಟುಹೋಗುತ್ತಿದ್ದವಂತೆ. ಬಿಸಾಡಲು ಮನಸ್ಸು ಬಾರದೆ ಅವರು ಅದನ್ನು ಹಿಂಡಿ, ಸಕ್ಕರೆ ಬೆರೆಸಿ, ದೊಡ್ಡ ಗಾಜಿನ ಬುರುಡೆಯಲ್ಲಿ ಹುದುಗಿಸಿದರು. ಹುದುಗು ಪೂರ್ತಿ ನಿಂತ ಮೇಲೆ ಬಾಟಲಿಗೆ ತುಂಬಿ, ಬೂಚು ಬಡಿದು, ಮೇಲೆ ಅರಗು ಸುರಿದು ಹಗೇವಿನಲ್ಲಿ ಮಲಗಿಸಿದರು. ಅಜ್ಜಂಪುರದ ಬಿಸಿಲಿಗೆ ಮೇಲೆ ಎಲ್ಲಿಟ್ಟರೂ ಕೆಡುತ್ತದೆ. ಹಗೇವಿನೊಳಗೆ ಬೇಸಿಗೆಯೂ ಇಲ್ಲ, ಚಳಿಯೂ ಇಲ್ಲ.

ಅವರದು ಮಠಕ್ಕೆ ನಡೆದುಕೊಳ್ಳುವ ಮನೆತನ. ಊರಿನಲ್ಲಿ ಮಾತು ಹುಟ್ಟದೆ ಇರುತ್ತದೆಯೇ? “ಮೇಷ್ಟ್ರು ಹಗೇವಲ್ಲಿ ಸಾರಾಯಿ ಮಡಗವ್ರಂತೆ” ಎಂದು ಎದುರೇ ಅಂದವರಿದ್ದರು. “ಬಾರಯ್ಯ, ನೀನೇ ಇಳಿದು ಎಣಿಸ್ಕೊಂಡು ಬಾ. ಮೊದ್ಲು ದೀಪ ಬಿಡ್ತೀನಿ ತಡಿ” ಎನ್ನುತ್ತಿದ್ದರು. ಇಳಿಯಲು ಯಾರೂ ಮುಂದೆ ಬರುತ್ತಿರಲಿಲ್ಲ. ಹಗೇವಿನ ಭಯ ಆ ಕಡೆಯವರಿಗೆಲ್ಲ ಇದೆ.

ದೀಪದ ಪದ್ಧತಿಯನ್ನು ಅವರಿಗೆ ಕಲಿಸಿದ್ದು ತಾಯಿ. ಆಕೆಯ ತವರು ಸಿಂಗಟಗೆರೆ ಕಡೆ. ಆಕೆ ಚಿಕ್ಕವಳಿದ್ದಾಗ ಅಲ್ಲಿ ರಾಗಿ ತೆಗೆಯಲು ಇಳಿದವನೊಬ್ಬ ಮೇಲೆ ಬರಲಿಲ್ಲ, ಅವನನ್ನು ತರಲು ಇಳಿದವನೂ ಬರಲಿಲ್ಲ. ಮುಚ್ಚಿಟ್ಟ ಹಗೇವಿನಲ್ಲಿ ಕಾಳಿನ ಉಸಿರೇ ವಿಷವಾಗಿ ನಿಲ್ಲುತ್ತದೆ. ಅದಕ್ಕೇ ಚಪ್ಪಡಿ ಸರಿಸಿದ ಮೇಲೆ ಹಣತೆಯನ್ನು ಹಗ್ಗಕ್ಕೆ ಕಟ್ಟಿ ಮೆಲ್ಲಗೆ ಬಿಡಬೇಕು. ಕೊರಳಲ್ಲಿ ಒಮ್ಮೆ, ನಡುವೆ ಒಮ್ಮೆ, ತಳದಲ್ಲಿ ಒಮ್ಮೆ ನಿಲ್ಲಿಸಿ ನೋಡಬೇಕು. ದೀಪ ಆರಿದರೆ ಅಂದು ಇಳಿಯುವ ಮಾತಿಲ್ಲ. ಆರಿದ ಬಗೆಯನ್ನೂ ನೋಡಬೇಕು ಎಂದು ತಾಯಿ ಹೇಳಿಕೊಟ್ಟಿದ್ದರಂತೆ. ಗಾಳಿಗೆ ಆರುವ ದೀಪ ಕುಣಿಯುತ್ತದೆ, ಅತ್ತ ಇತ್ತ ವಾಲಿ ಆರುತ್ತದೆ. ಕೆಟ್ಟ ಗಾಳಿಗೆ ಆರುವ ದೀಪ ಕುಣಿಯುವುದಿಲ್ಲ. ನಿಂತಲ್ಲೇ ಸಣ್ಣಗಾಗುತ್ತದೆ, ಬತ್ತಿಗೆ ಅಂಟಿಕೊಳ್ಳುತ್ತದೆ, ಕುಗ್ಗಿ ಹೋಗುತ್ತದೆ. “ನಮ್ಮವ್ವ ಸ್ಕೂಲಿಗೆ ಹೋದೋಳಲ್ಲ. ನಾನು ಎಮ್ಮೆಸ್ಸಿಲಿ ಕಲಿತ ಕಾರ್ಬನ್ ಡೈಆಕ್ಸೈಡನ್ನ ಅವ್ಳು ಹಣತೇಲೇ ತೋರ್ಸಿದ್ಲು” ಎಂದು ಅವರು ಪ್ರತಿ ವರ್ಷ ಪಿಯುಸಿ ಮಕ್ಕಳಿಗೆ ಹೇಳುತ್ತಿದ್ದರು. ಪಕ್ಕದ ಕೋಣೆಯಲ್ಲಿ ಉಸಿರಾಟದ ಪಾಠ ಮಾಡುತ್ತಿದ್ದ ನನಗೂ ಕೇಳಿಸುತ್ತಿತ್ತು. ಕುಣಿಯುವುದು, ಕುಗ್ಗುವುದು. ನನಗೆ ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿಯೂ ನನಗಿಲ್ಲ.

ನಾನು ಕಾಲೇಜಿಗೆ ಸೇರಿದ ವರ್ಷ ಅವರು ನಮ್ಮನ್ನೆಲ್ಲ ಊರಿಗೆ ಕರೆದು ಒಂದು ಬಾಟಲಿ ತೆಗೆದರು. ಐವತ್ತು ಮಿಲಿಯ ಬೀಕರುಗಳಲ್ಲಿ ಎರಡೆರಡು ಗುಟುಕು ಸುರಿದು ಕೊಟ್ಟರು. ಯಾರೋ ಬೀಕರನ್ನು ತಿರುಗಿಸಿ ನೋಡಿದ್ದಕ್ಕೆ, “ಕಾಲೇಜಿಂದಲ್ಲ ಕಣ್ರೀ, ಸ್ವಂತ ದುಡ್ಡಿಂದು” ಎಂದರು. ಫಿಸಿಕ್ಸು “ಸೂಪರ್ ಸರ್” ಎಂದರು. ಹಿಸ್ಟ್ರಿ “ಫಾರಿನ್ ಮಾಲು ಇದ್ದಂಗಿದೆ” ಎಂದರು. ನನ್ನ ಸರದಿ ಬಂತು. ನಾನು ಅದಕ್ಕೆ ಮುಂಚೆ ವೈನ್ ಕುಡಿದವಳೇ ಅಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ. “ಹುಣಸೆಹಣ್ಣು ನೆನೆಹಾಕಿದ ನೀರಿನ ಥರ ಇದೆ ಸರ್. ಆಮೇಲೆ ಸ್ವಲ್ಪ ಸೀಮೆಎಣ್ಣೆ.”

ಅವರು ಒಳಗೆ ಹೋಗಿ ಒಂದು ರೆಕಾರ್ಡ್ ಪುಸ್ತಕ ತಂದರು. ನಮ್ಮ ವಿದ್ಯಾರ್ಥಿಗಳದೇ ಮಾದರಿಯದು, ಖಾಕಿ ರಟ್ಟು. ಒಳಗೆ ಗೀಟು ಹಾಕಿ ಕಾಲಂ ಮಾಡಿದ್ದರು: ಇಳಿಸಿದ ದಿನ, ತೆಗೆದ ದಿನ, ದೀಪ, ರುಚಿ, ಸಹಿ. ರುಚಿಯ ಕಾಲಮಿನಲ್ಲಿ ‘ಹುಣಸೆ ನೀರು, ಸೀಮೆಎಣ್ಣೆ’ ಎಂದು ಬರೆದು ನನ್ನಿಂದ ಸಹಿ ಹಾಕಿಸಿದರು. “ಇನ್ನು ಮೇಲೆ ರುಚಿ ನೋಡೋಕೆ ಬಾಟನಿ ಒಬ್ಳು ಸಾಕು. ನೀವೆಲ್ಲ ಅವರೆಕಾಳು ತಿನ್ನಿ ಹೋಗಿ” ಎಂದು ಉಳಿದವರನ್ನು ಛೇಡಿಸಿದರು. ಅಂದು ಆ ಪುಸ್ತಕವನ್ನು ನಾನು ತಿರುವಿ ನೋಡಿದ್ದೆ. ದೀಪದ ಕಾಲಮಿನಲ್ಲಿ ಒಂದೊಂದು ಸಾಲಿನಲ್ಲೂ ಅದೇ ಅಕ್ಷರ: ‘ತಳದವರೆಗೂ ಉರಿಯಿತು.’ ಒಂದೇ ಒಂದು ಕಡೆ ‘ನಡುವೆ ಕುಗ್ಗಿತು. ಇಳಿಯಲಿಲ್ಲ.’

ಆ ವರ್ಷದ ದ್ರಾಕ್ಷಿಯದು ಒಂದು ಬಾಟಲಿಯನ್ನು ಬೇರೆ ಇಟ್ಟರು. “ಇದು ನಿನ್ನ ವರ್ಷದ್ದು. ನೀನು ಇಲ್ಲಿಂದ ಬೇರೆ ಊರಿಗೆ ಹೋಗೋ ದಿನ ತೆಗಿಯೋಣ. ಅಷ್ಟರಲ್ಲಿ ಇದ್ರ ಸೀಮೆಎಣ್ಣೆ ಹೋಗುತ್ತೋ, ನಿನ್ನ ಬಾಯಿ ಜೋರು ಹೋಗುತ್ತೋ ನೋಡೋಣ.”

ಈ ವರ್ಷ ಆಷಾಢದಲ್ಲಿ ನನಗೆ ವರ್ಗಾವಣೆಯ ಆದೇಶ ಬಂತು. ಒಂದು ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಹೇಳಿಬರಲು ಅವರ ಊರಿಗೆ ಹೋದೆ. ಅವರ ಒಂದು ಕಣ್ಣಿಗೆ ಪೊರೆ ಬಂದು ಮಸುಕಾಗಿತ್ತು, ಇನ್ನೊಂದಕ್ಕೂ ಶುರುವಾಗಿತ್ತು. ಶ್ರಾವಣ ಕಳೆದ ಮೇಲೆ ತೆಗೆಸುವುದೆಂದು ನಿಶ್ಚಯವಾಗಿತ್ತು. ಹಾಗಾಗಿ ತಿಂಗಳುಗಳಿಂದ ಹಗೇವಿಗೆ ಇಳಿದಿರಲಿಲ್ಲ. ನಾನು ಬಂದದ್ದು ಕಂಡು ಅವರಿಗೆ ಹಿಗ್ಗು. ರೆಕಾರ್ಡು ತೆಗೆದು ಪುಟದ ಹತ್ತಿರ ಮುಖವಿಟ್ಟು ‘ತೆಗೆದ ದಿನ’ದ ಕಾಲಮಿನಲ್ಲಿ ತಾರೀಕು ಬರೆದರು. ಅಕ್ಕ ಹಣತೆಗೆ ಎಣ್ಣೆ ಹಾಕಿ ಬತ್ತಿ ಹೊಸೆದು ಕೊಟ್ಟು ಒಳಗೆ ಒಗ್ಗರಣೆ ಹಾಕಲು ಹೋದರು.

ಆಷಾಢದ ಗಾಳಿ ಆ ಬಯಲಿನಲ್ಲಿ ಹೇಗಿರುತ್ತದೆಂದು ಕಂಡವರಿಗೇ ಗೊತ್ತು. ಕಣದ ಹೊಟ್ಟು ಹಾರಿ ಕಣ್ಣಿಗೆ ಬೀಳುತ್ತಿತ್ತು, ನನ್ನ ಸೆರಗು ನಿಲ್ಲುತ್ತಿರಲಿಲ್ಲ. ಇಬ್ಬರೂ ಸೇರಿ ಚಪ್ಪಡಿ ಸರಿಸಿದೆವು. ಆಗ ಅವರೊಂದು ಮಾತು ಹೇಳಿದರು. “ಈ ಸಲ ಬೇಸಿಗೆ ಜಾಸ್ತಿ ಆಯ್ತು ನೋಡು, ಹುದುಗೋ ಬುರುಡೇನೇ ಯುಗಾದಿ ಆದ್ಮೇಲೆ ಒಳಗೆ ಇಳಿಸ್ಬಿಟ್ಟೆ. ಮೊದ್ಲೆಲ್ಲ ಹಂಗೆ ಮಾಡ್ದೋನಲ್ಲ. ಅದ್ಕೇ ಇವತ್ತು ದೀಪ ಚೆನ್ನಾಗಿ ನೋಡ್ಬೇಕು.”

ಹುದುಗುವ ರಸ ಏನನ್ನು ಹೊರಬಿಡುತ್ತದೆ ಎಂದು ನಾನು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ. ಅಂದು ಹೂಂಗುಟ್ಟಿದೆ. ಗಡಿಯಾರ ನೋಡಿಕೊಂಡೆ. ಕಡೂರಿಗೆ ನೇರ ಹೋಗುವ ಬಸ್ಸು ಹಿಡಿಯಬೇಕೆಂದರೆ ಮುಕ್ಕಾಲು ಗಂಟೆ ಉಳಿದಿತ್ತು.

ಮೊದಲ ಕಡ್ಡಿಯಿಂದ ಹಚ್ಚಿದ ದೀಪ ಹಗೇವಿನ ಬಾಯಿಗೆ ಬರುವ ಮುಂಚೆಯೇ ಆರಿತು. ಎರಡನೆಯದೂ ಹಾಗೇ. ಎರಡೂ ಸಲ ಗಾಳಿ. ಮೂರನೆಯ ಸಲ ನಾನು ಮಂಡಿಯೂರಿ ಸೆರಗನ್ನು ಮರೆಯಾಗಿ ಹಿಡಿದೆ. ಅವರು ನಿಂತು ಹಗ್ಗ ಬಿಟ್ಟರು. ದೀಪ ಕೊರಳಿನೊಳಗೆ ಮೊಳದಷ್ಟು ಇಳಿಯಿತು. ಅಲ್ಲಿ ಗಾಳಿ ಇರಲಿಲ್ಲ. ಇರಲು ಸಾಧ್ಯವೂ ಇಲ್ಲ. ಜ್ವಾಲೆ ಕಡಲೆಕಾಳಿನಷ್ಟಾಯಿತು, ಸಾಸಿವೆಯಷ್ಟಾಯಿತು, ಬತ್ತಿಯ ತುದಿಗೆ ಕೆಂಪಗೆ ಅಂಟಿ ಹೋಯಿತು. ಹೊಗೆ ಮೇಲೇಳದೆ ಅಲ್ಲೇ ಚಾಪೆಯಂತೆ ಹಾಸಿಕೊಂಡಿತು. ಇದನ್ನೆಲ್ಲ ನಾನು ನೋಡಿದೆ. ನೋಡಿದ್ದು ಈಗಲೂ ಕಣ್ಣ ಮುಂದೆ ಬರುತ್ತದೆ. ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ಪಾಠದ ನಡುವೆ.

“ಹೆಂಗೆ ಆರ್ತು? ನನ್ನ ಕಣ್ಣಿಗೆ ಕಾಣಲ್ಲ. ನೋಡಿ ಹೇಳು. ಕುಣೀತಾ, ಕುಗ್ತಾ?”

“ಕುಣೀತು ಸರ್. ಗಾಳಿ” ಎಂದೆ.

ಯಾಕೆ ಹಾಗೆಂದೆ? ಸುಳ್ಳು ಹೇಳಬೇಕೆಂದಲ್ಲ. ಎರಡು ಸಲ ಗಾಳಿಗೆ ಆರಿದ್ದನ್ನು ಕಂಡ ಮನಸ್ಸು ಮೂರನೆಯದನ್ನೂ ಗಾಳಿಯ ಲೆಕ್ಕಕ್ಕೇ ಸೇರಿಸಿತು. ಕಣ್ಣು ಕಂಡದ್ದು ಒಂದು, ನಾಲಿಗೆ ಹೇಳಿದ್ದು ಇನ್ನೊಂದು. ಅದಕ್ಕಿಂತ ಹೆಚ್ಚಿನ ಕಾರಣ ನನ್ನ ಹತ್ತಿರ ಇಲ್ಲ.

ಅವರು ನಾಲ್ಕನೆಯ ಕಡ್ಡಿ ತೆಗೆದರು. ಆಗ ನಾನು, “ಬಸ್ಸಿಗೆ ಹೊತ್ತಾಗುತ್ತೆ ಸರ್. ಮೊಬೈಲ್ ಟಾರ್ಚ್ ಇದೆಯಲ್ಲ” ಎಂದೆ.

ಅವರು ಒಂದು ಕ್ಷಣ ನನ್ನ ಕಡೆ ತಿರುಗಿದರು. ಮಸುಕು ಕಣ್ಣಿಗೆ ನನ್ನ ಮುಖ ಎಷ್ಟು ಕಂಡಿತೋ. “ಬಾಟನಿ ಹೇಳಿದ್ಮೇಲೆ ಸರಿ ಬಿಡು” ಎಂದು ಕಡ್ಡಿಯನ್ನು ಪೊಟ್ಟಣಕ್ಕೆ ವಾಪಸು ಹಾಕಿ, ನನ್ನ ಮೊಬೈಲನ್ನು ಜೇಬಿಗಿಟ್ಟುಕೊಂಡು ಏಣಿ ಇಳಿದರು.

ಕೆಳಗಿನಿಂದ ಮಾತು ಕೇಳಿಸಿತು. “ಸಿಕ್ತು ಕಣಮ್ಮ, ನಿನ್ನ ವರ್ಷದ್ದು.” ಬಾಟಲಿಯನ್ನು ಬುಟ್ಟಿಯಲ್ಲಿಟ್ಟು “ಎಳಿ” ಎಂದರು. ಎಳೆದೆ. ಬುಟ್ಟಿ ಮೇಲೆ ಬರುವಷ್ಟರಲ್ಲಿ ಅವರ ಉಸಿರು ಏದುವುದು ಕೇಳಿಸಿತು, ಗುಡ್ಡ ಹತ್ತಿದವರ ಹಾಗೆ. “ಬಾಟನೀ, ತಲೆ...” ಎಂದರು. ಟಾರ್ಚಿನ ಬೆಳಕು ಗೋಡೆಯ ಮೇಲೆ ಓಡಿ ತಳಕ್ಕೆ ಬಿದ್ದು ಅಲ್ಲೇ ನಿಂತಿತು. ಅವರು ಬಿದ್ದ ಸದ್ದು ದೊಡ್ಡದೇನೂ ಅಲ್ಲ. ಚೀಲ ಇಳಿಸಿದಷ್ಟು.

ನಾನು ಕೂಗಿದೆ. ಕೂಗುತ್ತಲೇ ಏಣಿಗೆ ಕಾಲಿಟ್ಟೆ. ನಾಲ್ಕು ಮೆಟ್ಟಿಲು ಇಳಿದಿರಬೇಕು, ಮೂಗಿಗೆ ಸೋಡಾ ಹೊಡೆದಂತೆ ಚುರುಗುಟ್ಟಿತು, ಎದೆ ಡವಗುಟ್ಟಿತು, ಕಿವಿಯೊಳಗೆ ಗಿರಣಿ ತಿರುಗಿದಂತಾಯಿತು. ಆಗ ಯಾರೋ ನನ್ನ ಜಡೆ ಹಿಡಿದು ಎಳೆದರು. ಪಕ್ಕದ ಹೊಲದ ಓಂಕಾರಣ್ಣ. “ಇಳೀಬ್ಯಾಡ್ರೀ ಮೇಡಮ್ಮೋರೇ! ನೀವೂ ಹೋಯ್ತೀರ! ಬಿಡ್ರೀ ಏಣಿ!” ಎಂದು ರಟ್ಟೆ ಹಿಡಿದು ಕಣದ ಮೇಲೆ ಎಳೆದು ಹಾಕಿದರು. ಅಕ್ಕ ಸೌಟು ಹಿಡಿದೇ ಓಡಿ ಬಂದಿದ್ದರು.

ಓಂಕಾರಣ್ಣ ಬೇವಿನ ಕೊಂಬೆಗಳನ್ನು ಮುರಿದು ಕಂತೆ ಮಾಡಿ ಹಗ್ಗಕ್ಕೆ ಕಟ್ಟಿ ಹಗೇವಿಗೆ ಬಿಟ್ಟು ಎಳೆದು, ಬಿಟ್ಟು ಎಳೆದು ಒಳಗಿನ ಗಾಳಿ ಕಲಕತೊಡಗಿದರು. ಅಷ್ಟರಲ್ಲಿ ಊರು ಸೇರಿತ್ತು. ಬಾಯಿಯ ಸುತ್ತ ಜನ ಒತ್ತಾಗಿ ನಿಂತಿದ್ದರು, ಗಾಳಿ ನುಸುಳಲು ಸಂದಿಯಿರಲಿಲ್ಲ. ಯಾರೋ ಹಣತೆ ಹಚ್ಚಿ ಇಳಿಸಿದರು. ಅದು ಕೊರಳಲ್ಲೇ ಕಡಲೆಕಾಳಿನಷ್ಟಾಗಿ, ಸಾಸಿವೆಯಷ್ಟಾಗಿ ಹೋಯಿತು. ನಾನು ಮೊದಲು ಕಂಡದ್ದೇ. ಆಗ ನನಗೆ ಗೊತ್ತಾಯಿತು. “ಕುಗ್ತು, ಕುಗ್ತು, ಇಳೀಬ್ಯಾಡ್ರಿ!” ಎಂದು ಜನ ಕೂಗಿದರು. ಮತ್ತೆ ಕೊಂಬೆ, ಮತ್ತೆ ದೀಪ. ಮೂರನೆಯ ದೀಪ ತಳ ಮುಟ್ಟಿ ಉರಿಯುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಓಂಕಾರಣ್ಣ ಸೊಂಟಕ್ಕೆ ಹಗ್ಗ ಬಿಗಿದು ಇಳಿದು ಅವರನ್ನು ತಂದರು. ತರೀಕೆರೆಯ ಆಸ್ಪತ್ರೆಯಲ್ಲಿ ವೈದ್ಯರು ಎದೆಯ ಮೇಲೆ ಕೈಯಿಟ್ಟು ತೆಗೆದರು, ಅಷ್ಟೆ. ಅಂಗಿಯ ಜೇಬಿನಲ್ಲಿದ್ದ ಬೆಂಕಿಪೊಟ್ಟಣವನ್ನು ನರ್ಸ್ ನನ್ನ ಕೈಗೆ ಕೊಟ್ಟಳು.

ಪೊಲೀಸರು ಕೇಳಿದಾಗ ನಾನು ಆಸ್ಪತ್ರೆಯ ಬೆಂಚಿನ ಮೇಲಿದ್ದೆ. “ದೀಪ ಗೀಪ ಇಳ್ಸಿದ್ರಾ?” ಎಂದರು. ನಾನು ತಲೆ ಅಲ್ಲಾಡಿಸಿದೆ. ಇಲ್ಲ ಎಂದೋ, ಹೇಳಲಾರೆ ಎಂದೋ, ನನಗೇ ತಿಳಿಯದು. ಅವರು ಇಳಿಸಿಲ್ಲ ಎಂದು ಬರೆದುಕೊಂಡರು. ಸಹಿ ಹಾಕಿದೆ.

ಮಾರನೆಯ ದಿನ ಮಣ್ಣು. ಅವರ ಕಡೆ ಕೂರಿಸಿ ಹೂಳುವುದು. ಗುಂಡಿಯನ್ನು ಸರಿಮಾಡಲೆಂದು ಒಬ್ಬಾತ ಒಳಗಿಳಿಯುತ್ತಿದ್ದುದನ್ನು ಕಂಡು ನಾನು ಎಲ್ಲರೆದುರು, “ದೀಪ ಇಳಿಸಿದ್ರಾ?” ಎಂದು ಕೂಗಿಬಿಟ್ಟೆ. ಆಕಾಶಕ್ಕೆ ಬಾಯಿ ತೆರೆದ ಗುಂಡಿ ಅದು. ಜನ ನನ್ನತ್ತ ತಿರುಗಿದರು. ಯಾರೋ ಹೆಂಗಸು, “ಪಾಪ, ಎದ್ರಿಗೇ ಆಯ್ತಲ್ಲ, ಅದ್ಕೇ ಹಿಂಗೆ” ಎಂದು ನನ್ನನ್ನು ಮರದ ಕೆಳಗೆ ಕೂರಿಸಿ ನೀರು ಕೊಟ್ಟಳು. ಅಕ್ಕ ದೂರದಿಂದ ನನ್ನನ್ನೇ ನೋಡುತ್ತಿದ್ದರು.

ಹೊಸ ಊರಿಗೆ ಬಂದ ಮೇಲೂ ನಾನು ಬಾಗಿಲು ಹಾಕಿದ ಕೋಣೆಯಲ್ಲಿ ಹತ್ತು ನಿಮಿಷ ಕೂರಲಾರೆ. ಹಗಲು ಹೊತ್ತಿನಲ್ಲೇ ಕಡ್ಡಿ ಗೀರಿ ಜ್ವಾಲೆ ನಿಲ್ಲುತ್ತದೆಯೇ ಎಂದು ನೋಡುತ್ತೇನೆ. ಆ ನರ್ಸ್ ಕೊಟ್ಟ ಪೊಟ್ಟಣದಲ್ಲಿ ಈಗ ಒಂದೇ ಕಡ್ಡಿ ಉಳಿದಿದೆ. ಅವರು ತೆಗೆದು ವಾಪಸು ಹಾಕಿದ ಕಡ್ಡಿ ಅದೇ ಇರಬಹುದೇ ಎಂದು ಅದನ್ನು ಮುಟ್ಟುವುದಿಲ್ಲ.

ದಸರಾ ರಜೆ ಶುರುವಾಗುವ ಹೊತ್ತಿಗೆ ಅಕ್ಕ ಫೋನು ಮಾಡಿದರು. “ಆ ಬಾಟ್ಲಿ ಇಲ್ಲೇ ಐತೆ ಕಣಮ್ಮ. ಚೆಲ್ಲಕ್ಕೆ ಮನ್ಸಿಲ್ಲ. ರೆಕಾರ್ಡಲ್ಲಿ ಆ ಸಾಲು ಅರ್ಧಕ್ಕೆ ನಿಂತೈತೆ. ಬಂದು ರುಚಿ ನೋಡಿ ಬರ್ದು ಹೋಗು.”

ಹೋದೆ. ಹಗೇವಿನ ಬಾಯಿಗೆ ಮಣ್ಣು ತುಂಬಿ ಮಟ್ಟ ಮಾಡಿದ್ದರು. ಅಕ್ಕ ಜಗಲಿಯ ಮೇಲೆ ಬಾಟಲಿ, ಬೀಕರು, ರೆಕಾರ್ಡು, ಕೆಂಪು ನೀಲಿ ಪೆನ್ನುಗಳನ್ನು ಸಾಲಾಗಿ ಇಟ್ಟಿದ್ದರು. ಅರಗು ಕೆರೆದು ಬೂಚು ಎಳೆದೆ. ಬಿಳಿ ದ್ರಾಕ್ಷಿಯ ವೈನ್ ಹನ್ನೆರಡು ವರ್ಷದಲ್ಲಿ ಹರಳೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ಬೀಕರಿಗೆ ಸುರಿದರೆ ಅಂಚಿನಲ್ಲಿ ನಿಧಾನಕ್ಕೆ ಇಳಿಯಿತು. ಮೂಗಿನ ಹತ್ತಿರ ತರಲು ನನಗೆ ಧೈರ್ಯವಾಗಲಿಲ್ಲ. ಆ ಚುರುಗುಟ್ಟುವಿಕೆ ನೆನಪಾಗಿ ಕೈ ನಿಂತಿತು.

“ನೋಡು” ಎಂದರು ಅಕ್ಕ.

ಬಾಯಿಗೆ ಬಿಟ್ಟುಕೊಂಡೆ. ಮೊದಲು ಹಳೆಯ ಜೇನು. ಆಮೇಲೆ ಹುರಿದ ಕಡಲೆಕಾಯಿ, ಒಣಗಿದ ಕಿತ್ತಳೆ ಸಿಪ್ಪೆ. ಹುಳಿ ಇತ್ತು, ಆದರೆ ನಾಲಿಗೆಯ ಅಂಚಿನಲ್ಲಿ ಮೆತ್ತಗೆ ಕೂತಿತ್ತು. ನುಂಗಿದ ಮೇಲೂ ಬಹಳ ಹೊತ್ತು ಹೋಗಲಿಲ್ಲ. ಸೀಮೆಎಣ್ಣೆಯ ವಾಸನೆ ಎಲ್ಲೂ ಇರಲಿಲ್ಲ. ಅವರು ಇದನ್ನು ಕುಡಿಯಲಿಲ್ಲ.

“ಹೆಂಗೈತೆ?”

“ಚೆನ್ನಾಗಿದೆ ಅಕ್ಕ.”

“ಸುಮ್ನೆ ಹೇಳ್ತಿಲ್ಲ ತಾನೇ? ನೀನು ಸುಳ್ಳು ಹೇಳಲ್ಲ ಅಂತಿದ್ರು.”

ಪೆನ್ನು ಎತ್ತಿಕೊಂಡೆ. ತಾರೀಕು ಅವರ ಅಕ್ಷರದಲ್ಲಿತ್ತು, ಪಕ್ಕದ ದೀಪದ ಕಾಲಂ ಖಾಲಿ. ರುಚಿಯ ಕಾಲಮಿನಲ್ಲಿ ಕಂಡದ್ದನ್ನು ಬರೆದೆ. ಅಕ್ಕ ದೀಪದ ಕಾಲಮಿನ ಮೇಲೆ ಬೆರಳಿಟ್ಟರು. “ಇಲ್ಲಿ? ಜನ ಏನೇನೋ ಅಂತಾರೆ. ದೀಪ ಇಳಿಸ್ದೆ ಅವ್ರು ಇಳಿಯೋರಲ್ಲ. ಬತ್ತಿ ಹೊಸೆದು ಕೊಟ್ಟೋಳು ನಾನು. ನೀನು ಅಲ್ಲೇ ಇದ್ದೆಯಲ್ಲ.”

ಆ ಗಳಿಗೆಯಲ್ಲೂ ನನ್ನ ಕೈ ಬರೆದದ್ದು ‘ಕುಣಿದು ಆರಿತು’ ಎಂದು. ಅಕ್ಕ ಅದನ್ನು ಬೆರಳಿಟ್ಟು ಅಕ್ಷರ ಕೂಡಿಸಿ ಓದಿದರು. ಅವರ ಮುಖದಲ್ಲಿ ಏನೋ ಸಡಿಲವಾಯಿತು. “ಹಂಗಾದ್ರೆ ಇಳಿಸಿದ್ರು” ಎಂದರು. “ಗಾಳಿಗೆ ಆರಿತ್ತು. ಅವ್ರ ತಪ್ಪಲ್ಲ, ಯಾರ ತಪ್ಪೂ ಅಲ್ಲ.”

ಅಲ್ಲಿಗೇ ಬಿಟ್ಟಿದ್ದರೆ ನಡೆಯುತ್ತಿತ್ತು. ಅವರ ಮಾನ ಉಳಿಯುತ್ತಿತ್ತು, ನನ್ನದೂ. ಅಕ್ಕನಿಗೂ ಒಂದು ಸಮಾಧಾನ ಸಿಕ್ಕಿತ್ತು. ಪೆನ್ನಿನ ಮುಚ್ಚಳ ಹಾಕಿದೆ. ಮತ್ತೆ ತೆಗೆದೆ. ಬರೆದದ್ದರ ಮೇಲೆ ಒಂದು ಗೀಟು ಎಳೆದೆ. ಅದರ ಕೆಳಗೆ ಬರೆದೆ: ‘ಕೊರಳಲ್ಲಿ ಕುಗ್ಗಿ ಆರಿತು. ಅವರಿಗೆ ಕಾಣಲಿಲ್ಲ, ನನ್ನನ್ನು ಕೇಳಿದರು. ಕುಣಿಯಿತು ಎಂದೆ.’

ಅಕ್ಕ ಅದನ್ನೂ ಬೆರಳಿಟ್ಟು ಓದಿದರು.

ಓದಿ ಮುಗಿದ ಮೇಲೂ ಬೆರಳು ಅಲ್ಲೇ ಇತ್ತು. ನಾನು ಬೈಗುಳಕ್ಕೆ ಕಾದೆ, ಅಳುವಿಗೆ ಕಾದೆ. ಬಾವಿಯ ಕಡೆಯಿಂದ ಬಳ್ಳಿಯ ಒಣ ಎಲೆಗಳ ಸದ್ದು ಬರುತ್ತಿತ್ತು. ಅವರು ಪುಸ್ತಕವನ್ನು ನನ್ನ ಕಡೆ ತಳ್ಳಿದರು.

“ಸಹಿ ಹಾಕ್ಲಿಲ್ಲ ನೀನು.”

ಹಾಕಿದೆ. ಈ ಸಲ ಅಕ್ಷರ ಸೊಟ್ಟಗಾಗಲಿಲ್ಲ. ಅಕ್ಕ ಪುಸ್ತಕ ಮುಚ್ಚಿ ಮಡಿಲಿಗಿಟ್ಟುಕೊಂಡರು. ಕುಂಕುಮದ ಬಟ್ಟಲು ಗೂಡಿನಲ್ಲೇ ಇತ್ತು, ಅವರ ಕೈ ಅತ್ತ ಹೋಗಲಿಲ್ಲ. ಗಂಡ ಸತ್ತವರು ಕೊಡಬಾರದೆಂದೋ, ನನಗೆ ಕೊಡಬಾರದೆಂದೋ ಕೇಳುವಂತಿರಲಿಲ್ಲ.

“ಬಸ್ಸಿಗೆ ಹೊತ್ತಾಯ್ತು” ಎಂದರು. “ಹೊರಡು.”

ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡೆ. ‘ಹೋಗ್ಬಾ’ ಎನ್ನುತ್ತಾರೇನೋ ಎಂದು ಒಂದು ಗಳಿಗೆ ನಿಂತೆ. ಆಮೇಲೆ ಹೊರಟೆ.